ಸಾರುವೆಯೂ ಒಂದು ಉಪಕರಣವೇ

ಚಿತ್ರದುರ್ಗದ ಕಲ್ಲಿನಕೋಟೆಯನ್ನು ಸುತ್ತಿ ನೋಡಿದವರು ತುಪ್ಪದ ಕೊಳದ ಬತೇರಿಗೆ ಏರಿಹೋಗುವ ಬಂಡೆಯನ್ನು ಮರೆತಿರಲಾರರು. ಅಲ್ಲಿ ಮೆಟ್ಟಿಲುಗಳಿಲ್ಲ. ಕಡಿದಾದ ಬಂಡೆಯ ಮೈಯಲ್ಲಿ ಅಂಗಾಲಿನ ಮುಂಭಾಗ ಊರುವಷ್ಟು ಗುಳಿಗಳನ್ನು ಒಂದರ ಮೇಲೊಂದರಂತೆ ಕೊರೆದಿದ್ದಾರೆ, ಅಷ್ಟೆ. ಬರಿಗಾಲಿನ ಕಾವಲುಗಾರನಿಗೆ ಅಷ್ಟು ಸಾಕು. ಆದರೆ ಮೇಲಿನ ಕಲ್ಲೊಂದು ಸಡಿಲಿದರೆ ಅದನ್ನು ಸರಿಪಡಿಸಲು ಹೋಗುವ ಕಲ್ಲುಕುಟಿಗನಿಗೆ ಅದು ಸಾಲದು. ಅವನ ಎರಡು ಕೈಗಳೂ ಕೆಲಸಕ್ಕೆ ಬೇಕು. ನಿಲ್ಲಲು ಸಮನಾದ ಹಲಗೆ ಬೇಕು. ಉಳಿ, ಸುತ್ತಿಗೆ, ಗಾರೆಯ ಬಾಂಡಲಿಗಳನ್ನು ಇಡಲು ಜಾಗ ಬೇಕು. ಕಾಲು ಜಾರಿದರೆ ಹಿಡಿಯಲು ತಡೆ ಬೇಕು. ಇವೆಲ್ಲವನ್ನೂ ಒದಗಿಸುವ ತಾತ್ಕಾಲಿಕ ಕಟ್ಟಣೆಗೆ ನಮ್ಮ ಗಾರೆ ಕೆಲಸದವರು ಸಾರುವೆ ಎನ್ನುತ್ತಾರೆ.

ಕಟ್ಟಡ ಮುಗಿದೊಡನೆ ಸಾರುವೆಯನ್ನು ಬಿಚ್ಚುತ್ತಾರೆ. ಬಿಚ್ಚಿದೊಡನೆ ಅದನ್ನು ಎಲ್ಲರೂ ಮರೆಯುತ್ತಾರೆ. ಹಿರಿಯೂರಿನ ಬಳಿಯ ಮಾರಿಕಣಿವೆಯ ಅಣೆಕಟ್ಟಿನ ಮುಂದೆ ನಿಂತವರು ಕಲ್ಲನ್ನೂ ನೀರನ್ನೂ ನೋಡಿ ಬೆರಗಾಗುತ್ತಾರೆ; 1907ರಲ್ಲಿ ಪೂರ್ತಿಯಾದ ಆ ಕಟ್ಟೆಗೆ ಕಲ್ಲು ಯಾವ ದಾರಿಯಲ್ಲಿ ಏರಿತೆಂದು ಕೇಳುವವರು ವಿರಳ. ಹೊಸ ಕಟ್ಟಡದ ವಿಷಯದಲ್ಲಿ ಈ ಮರೆವಿನಿಂದ ಹೆಚ್ಚಿನ ಹಾನಿಯಿಲ್ಲ. ಹಳೆಯ ಕಟ್ಟಡದ ಜೀರ್ಣೋದ್ಧಾರದಲ್ಲಿ ಮಾತ್ರ ಇದು ದೊಡ್ಡ ಹಾನಿಗೆ ಕಾರಣವಾಗುತ್ತದೆ. ಸಾರುವೆಯನ್ನು ಕೂಲಿಯವರ ಏಣಿಯೆಂದು ತಿಳಿದು, ಅದರ ಯೋಜನೆಯನ್ನು ಗುತ್ತಿಗೆದಾರನ ಅನುಕೂಲಕ್ಕೆ ಬಿಟ್ಟರೆ, ಉಳಿಸಹೊರಟ ಕಟ್ಟಡಕ್ಕೆ ಮೊದಲ ಪೆಟ್ಟು ಆ ಸಾರುವೆಯಿಂದಲೇ ಬೀಳಬಹುದು. ಅದನ್ನು ಒಂದು ವೈಜ್ಞಾನಿಕ ಉಪಕರಣವೆಂದು ತಿಳಿದು ಯೋಜಿಸಬೇಕೆಂಬುದೇ ನಮ್ಮ ವಾದ.

ಉಪಕರಣವೆಂಬ ಮಾತು ಕೆಲವರಿಗೆ ಅತಿಯಾಗಿ ತೋರಬಹುದು. ಇದಕ್ಕೆ ನಮ್ಮ ನಾಡಿನಲ್ಲಿಯೇ ಒಳ್ಳೆಯ ನಿದರ್ಶನವುಂಟು. ಶ್ರವಣಬೆಳಗೊಳದ ಗೊಮ್ಮಟನ ಎತ್ತರವೆಷ್ಟೆಂಬ ಪ್ರಶ್ನೆಗೆ ಹಿಂದಿನವರು ಕೊಟ್ಟ ಉತ್ತರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಬುಕನನ್ ಎಂಬ ಪ್ರವಾಸಿ 70 ಅಡಿ 3 ಅಂಗುಲ ಎಂದು ಬರೆದನು. ಆರ್ಥರ್ ವೆಲ್ಲೆಸ್ಲಿಯ ಲೆಕ್ಕದಲ್ಲಿ ಅದು 60 ಅಡಿ 3 ಅಂಗುಲವಾಯಿತು. ಮುಂದೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ 57 ಅಡಿ ಎಂದು ನಿರ್ಧರಿಸಿದನು. ವಿಗ್ರಹ ಒಂದೇ, ಅಳತೆಗಳ ನಡುವಿನ ಅಂತರ ಹದಿಮೂರು ಅಡಿ! 1871ರಲ್ಲಿ ಮಸ್ತಕಾಭಿಷೇಕಕ್ಕಾಗಿ ಅಟ್ಟಣೆ ಕಟ್ಟಿದಾಗ ಮೈಸೂರಿನ ಲೋಕೋಪಯೋಗಿ ಇಲಾಖೆಯ ಅಧಿಕಾರಿಗಳು ಆ ಅವಕಾಶವನ್ನು ಬಳಸಿಕೊಂಡು ವಿಗ್ರಹದ ಅಂಗಾಂಗಗಳನ್ನು ಅಳೆದರು. ಪಾದದಿಂದ ಕಿವಿಯ ಕೆಳ ಅಂಚಿನವರೆಗೆ 50 ಅಡಿ, ಅಲ್ಲಿಂದ ನೆತ್ತಿಯವರೆಗೆ ಸುಮಾರು ಆರೂವರೆ ಅಡಿ, ಪಾದದ ಉದ್ದ 9 ಅಡಿ, ಹೆಗಲಿನ ಅಗಲ 26 ಅಡಿ ಎಂದು ತಿಳಿದುಬಂದಿತು. ಅಭಿಷೇಕಕ್ಕೆ ಕಟ್ಟಿದ ಅಟ್ಟಣೆ ಅಳತೆಗೋಲಿಗೂ ನಿಲ್ಲುವ ನೆಲೆಯಾಯಿತು. ಹತ್ತಿರ ಹೋಗದೆ ಸರಿಯಾದ ಜ್ಞಾನವಿಲ್ಲ; ಹತ್ತಿರ ಹೋಗಲು ನಿಲ್ಲುವ ನೆಲೆ ಬೇಕು.

ಈಗ ಚಿತ್ರದುರ್ಗದ ಸೀಮೆಗೆ ಮರಳೋಣ. ಕೋಟೆಯ ಬೆಟ್ಟದ ಮೇಲೆ ಏಕನಾಥೇಶ್ವರಿ, ಹಿಡಿಂಬೇಶ್ವರ ಗುಡಿಗಳ ಬಳಿ ಎತ್ತರವಾದ ದೀಪಸ್ತಂಭಗಳೂ ಉಯ್ಯಾಲೆ ಕಂಬಗಳೂ ನಿಂತಿವೆ. ಅರಮನೆಯಿದ್ದ ಬಯಲಿನಲ್ಲಿ ಮಣ್ಣಿನ ಎತ್ತರದ ಗೋಡೆಗಳು ಮಳೆಗಾಳಿಗಳನ್ನು ಸಹಿಸಿಕೊಂಡು ಇಂದಿಗೂ ಉಳಿದಿವೆ. ಹಿರಿಯೂರಿನ ತೇರುಮಲ್ಲೇಶ್ವರ ದೇವಾಲಯದ ಮಂಟಪದ ಛತ್ತಿನಲ್ಲಿ ಪುರಾಣಕಥೆಗಳ ಹಳೆಯ ವರ್ಣಚಿತ್ರಗಳಿವೆ. ಎದುರಿಗೆ ಎತ್ತರದ ದೀಪಸ್ತಂಭವಿದೆ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯಿದೆ. ಹೊಳಲ್ಕೆರೆಯ ಬಯಲು ಗಣಪತಿಯ ಜಡೆಯನ್ನು ಮುಟ್ಟಿ ಹರಕೆ ಹೊರುವ ಭಕ್ತರಿಗೆ ಸಾರುವೆ ಬೇಕಿಲ್ಲ. ಆದರೆ ಆಳೆತ್ತರವನ್ನು ಮೀರಿದ ಆ ವಿಗ್ರಹದ ನೆತ್ತಿಯ ಕಲ್ಲು ಹೇಗಿದೆಯೆಂದು ಪರೀಕ್ಷಿಸಬೇಕಾದವರು ಏರಲೇಬೇಕು. ಗ್ರಾನೈಟು, ಮಣ್ಣು, ಬಣ್ಣ, ಬಿಡಿಯಾಗಿ ನಿಂತ ಕಂಬ, ಪೂಜೆಗೊಳ್ಳುವ ವಿಗ್ರಹ—ಇವೆಲ್ಲಕ್ಕೂ ಒಂದೇ ಬಗೆಯ ಸಾರುವೆ ಒಗ್ಗುವುದೆ? ಟೆಂಡರಿನ ಪಟ್ಟಿಯಲ್ಲಿ ‘ಸಾರುವೆ ಸಹಿತ’ ಎಂಬ ಎರಡು ಪದಗಳನ್ನು ಬರೆದು ಮುಗಿಸಿಬಿಟ್ಟರೆ ಒಗ್ಗುವುದೆಂದೇ ತಿಳಿದಂತಾಯಿತು.

ಹಾನಿ ಹೇಗೆ ಆಗುತ್ತದೆಂಬುದನ್ನು ಸ್ವಲ್ಪ ವಿವರಿಸುವುದು ಅಗತ್ಯ. ಇಟ್ಟಿಗೆಯ ಮನೆ ಕಟ್ಟುವಾಗ ಸಾರುವೆಯ ಒಂದು ಬದಿಯನ್ನು ಮಾತ್ರ ಕಂಬಗಳ ಮೇಲೆ ನಿಲ್ಲಿಸಿ, ಇನ್ನೊಂದು ಬದಿಯ ಅಡ್ಡಗಳಗಳನ್ನು ಗೋಡೆಯಲ್ಲಿ ಬಿಟ್ಟ ತೂತುಗಳಿಗೆ ತೂರಿಸುವುದು ವಾಡಿಕೆ. ಕೆಲಸ ಮುಗಿದ ಮೇಲೆ ತೂತುಗಳನ್ನು ಮುಚ್ಚಿದರೆ ಆಯಿತು. ಇದೇ ಕ್ರಮವನ್ನು ಹಳೆಯ ಗೋಡೆಗೆ ಅನ್ವಯಿಸಿದರೆ ಹೊಸದಾಗಿ ತೂತು ಕೊರೆಯಬೇಕಾಗುತ್ತದೆ. ಕಲ್ಲಿನ ಸಂದುಗಳಿಗೆ ಕಬ್ಬಿಣದ ಮೊಳೆ ಬಡಿದು ಅದಕ್ಕೆ ಹಗ್ಗ ಬಿಗಿಯುವುದೂ ಇದರ ಸೋದರನೇ. ಬಡಿದ ಮೊಳೆಯನ್ನು ಅಲ್ಲಿಯೇ ಬಿಟ್ಟರೆ ಅದು ತುಕ್ಕು ಹಿಡಿಯುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಕೆಲವು ವರ್ಷಗಳಲ್ಲಿ ಕಲ್ಲನ್ನೇ ಸೀಳುತ್ತದೆ. ಆದುದರಿಂದ ಸಂರಕ್ಷಿತ ಕಟ್ಟಡದ ಸಾರುವೆ ಎರಡು ಸಾಲು ಕಂಬಗಳ ಮೇಲೆ ಸ್ವತಂತ್ರವಾಗಿ ನಿಲ್ಲತಕ್ಕದ್ದು. ಆಧಾರ ಬೇಕಾದಲ್ಲಿ ಬಾಗಿಲು ಕಿಟಕಿಗಳ ತೆರವಿನ ಮೂಲಕ ಕಟ್ಟು ಹಾಕಬಹುದು. ಹೊರಗಡೆಯಿಂದ ಓರೆಗಳಗಳ ಊರೆ ಕೊಡಬಹುದು. ಬುಡದಲ್ಲಿ ಮರಳಿನ ಚೀಲಗಳ ಭಾರ ಹೇರಬಹುದು. ಗೋಡೆಯನ್ನು ಕೊರೆಯುವುದು ಕಟ್ಟಕಡೆಯ ಉಪಾಯವಾಗಿರಬೇಕು. ಮಣ್ಣಿನ ಗೋಡೆಯಲ್ಲಂತೂ ಅದು ಉಪಾಯವೇ ಅಲ್ಲ.

ಎರಡನೆಯದು ಕಂಬದ ಬುಡದ ಪ್ರಶ್ನೆ. ಇಂದು ಬಳಕೆಯಲ್ಲಿರುವ ಉಕ್ಕಿನ ಕೊಳವೆಯ ಹೊರ ವ್ಯಾಸ 48.3 ಮಿಲಿಮೀಟರು. ಅದರ ಗೋಡೆಯ ದಪ್ಪ 4 ಮಿಲಿಮೀಟರು ಇದ್ದರೆ, ನೆಲವನ್ನು ಮುಟ್ಟುವ ಉಕ್ಕಿನ ವಿಸ್ತೀರ್ಣ ಐದೂವರೆ ಚದರ ಸೆಂಟಿಮೀಟರಿಗಿಂತ ತುಸು ಹೆಚ್ಚು. ಒಂದು ಕಂಬದ ಮೇಲೆ ಒಂದು ಟನ್ ಭಾರ ಬಿದ್ದಿತೆಂದು ಇಟ್ಟುಕೊಳ್ಳೋಣ. ಆಗ ನೆಲಗಲ್ಲಿನ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು 180 ಕಿಲೋಗ್ರಾಂ ಒತ್ತಡ ಬೀಳುತ್ತದೆ. ಕೊಳವೆಯ ಕೆಳಗೆ 15 ಸೆಂಟಿಮೀಟರು ಚೌಕದ ಉಕ್ಕಿನ ತಟ್ಟೆಯಿಟ್ಟರೆ ಅದು ನಾಲ್ಕೂವರೆ ಕಿಲೋಗ್ರಾಮಿಗೆ ಇಳಿಯುತ್ತದೆ. ತಟ್ಟೆಯ ಕೆಳಗೆ 60 ಸೆಂಟಿಮೀಟರು ಉದ್ದ, 25 ಸೆಂಟಿಮೀಟರು ಅಗಲದ ದಪ್ಪ ಮರದ ಹಲಗೆಯನ್ನು ಇಟ್ಟರೆ ಮುಕ್ಕಾಲು ಕಿಲೋಗ್ರಾಮಿಗಿಂತಲೂ ಕಡಿಮೆಯಾಗುತ್ತದೆ. ಒಂದು ತುಂಡು ಹಲಗೆಯ ಬೆಲೆ ಅತ್ಯಲ್ಪ. ಶತಮಾನಗಳ ಹಿಂದೆ ಹಾಸಿದ, ಕೆಳಗೆ ಪೊಳ್ಳಾಗಿರಬಹುದಾದ ನೆಲಗಲ್ಲು ಒಡೆದರೆ ಅದಕ್ಕೆ ಬೆಲೆಯಿಲ್ಲ.

ಮೂರನೆಯದು ಬಿಸಿಲು ಮತ್ತು ಗಾಳಿ. ಉಕ್ಕು ಪ್ರತಿಯೊಂದು ಸೆಂಟಿಗ್ರೇಡ್ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಹನ್ನೆರಡು ಪಾಲಿನಷ್ಟು ಹಿಗ್ಗುತ್ತದೆ. ಮುಂಜಾನೆಯ ತಂಪಿಗೂ ಮಧ್ಯಾಹ್ನದ ಬಿಸಿಗೂ ಕೊಳವೆಯ ಉಷ್ಣತೆಯಲ್ಲಿ 30 ಡಿಗ್ರಿಗಳ ಅಂತರವಾದರೆ, 15 ಮೀಟರು ಉದ್ದದ ಕೊಳವೆ ಐದು ಮಿಲಿಮೀಟರಿಗಿಂತ ಹೆಚ್ಚು ಬೆಳೆಯುತ್ತದೆ. ಎರಡು ತುದಿಗಳನ್ನೂ ಕಲ್ಲಿಗೆ ಬಿಗಿದಿದ್ದರೆ ಈ ಐದು ಮಿಲಿಮೀಟರು ಪ್ರತಿದಿನವೂ ಕಲ್ಲನ್ನು ತಳ್ಳುತ್ತದೆ. ಗಾಳಿಯ ಬಲವಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ಸೆಕೆಂಡಿಗೆ 20 ಮೀಟರು, ಎಂದರೆ ಗಂಟೆಗೆ 72 ಕಿಲೋಮೀಟರು ವೇಗದ ಗಾಳಿಗೆ ಒಂದು ಚದರ ಮೀಟರಿನ ಮೇಲೆ ಸುಮಾರು 24 ಕಿಲೋಗ್ರಾಂ ಒತ್ತಡವುಂಟು. ಧೂಳು ಹಾರದಿರಲೆಂದು ಸಾರುವೆಗೆ 12 ಮೀಟರು ಎತ್ತರ, 10 ಮೀಟರು ಅಗಲದ ಬಟ್ಟೆಯನ್ನು ಹೊದಿಸಿದರೆ, ಆ ಗಾಳಿ ಅದನ್ನು ಸುಮಾರು ಮೂರು ಟನ್ ಬಲದಿಂದ ದೂಡುತ್ತದೆ. ಚಿತ್ರದುರ್ಗದ ಸುತ್ತಣ ಬೆಟ್ಟಗಳ ಮೇಲೆ ಗಾಳಿಯಿಂದ ವಿದ್ಯುತ್ತನ್ನು ಪಡೆಯುವ ಯಂತ್ರಗಳು ತಿರುಗುತ್ತಿರುವುದನ್ನು ಕಂಡವರಿಗೆ, ಇಲ್ಲಿ ಗಾಳಿಯನ್ನು ಮರೆತು ಸಾರುವೆ ಕಟ್ಟಬಾರದೆಂದು ಬೇರೆ ಹೇಳಬೇಕಾದುದಿಲ್ಲ. ಬಿಡಿಯಾಗಿ ನಿಂತ ದೀಪಸ್ತಂಭಕ್ಕೆ ಸಾರುವೆಯನ್ನು ಕಟ್ಟಿಹಾಕಿದರೆ, ಬಿರುಗಾಳಿಯಲ್ಲಿ ಸಾರುವೆಯ ಭಾರವನ್ನು ಕಂಬವೇ ಹೊರಬೇಕಾಗುವುದು. ಕಂಬವನ್ನು ಸುತ್ತುವರಿದು, ಅದನ್ನು ಮುಟ್ಟದೆ, ಅಗಲವಾದ ಬುಡದ ಮೇಲೆ ನಿಲ್ಲುವ ಗೋಪುರದಂಥ ಸಾರುವೆಯೇ ಅಲ್ಲಿ ಯುಕ್ತ.

ಮಂಟಪದ ಒಳಗೆ ಗಾಳಿಯ ಭಯವಿಲ್ಲದಿದ್ದರೂ ಬೇರೊಂದು ಭಯವುಂಟು. ನೆಲಕ್ಕೂ ಛತ್ತಿಗೂ ನಡುವೆ ಗಳಗಳನ್ನು ಬೆಣೆ ಹೊಡೆದು ಬಿಗಿಯಾಗಿ ನಿಲ್ಲಿಸುವುದು ಸುಲಭದ ದಾರಿ. ಆದರೆ ಕಲ್ಲಿನ ತೊಲೆಯ ಸ್ವಭಾವವನ್ನು ನೆನೆಯಬೇಕು. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಸೆಳೆತವನ್ನು ತಾಳಲಾರದು. ತೊಲೆಯ ನಡುವನ್ನು ಕೆಳಗಿನಿಂದ ಮೇಲಕ್ಕೆ ಒತ್ತಿದರೆ, ಎಂದೂ ಸೆಳೆತವನ್ನು ಕಾಣದ ಮೇಲ್ಮೈಯಲ್ಲಿ ಸೆಳೆತ ಹುಟ್ಟಿ ಬಿರುಕು ಮೂಡಬಹುದು. ಹಿರಿಯೂರಿನಂತೆ ಛತ್ತಿಗೆ ಚಿತ್ರಗಳಿದ್ದರೆ ಗಳದ ತುದಿ ತಾಗಿದ ಕಡೆ ಬಣ್ಣವೇ ಉಳಿಯದು. ಹೊಯ್ಸಳ ಶಿಲ್ಪಿಗಳಿಗೆ ಪ್ರಿಯವಾಗಿದ್ದ ಬಳಪದ ಕಲ್ಲು ಗ್ರಾನೈಟಿಗಿಂತ ಬಹಳ ಮೃದುವಾದುದು. ಅಂಥ ಗೋಡೆಯ ಬಳಿ ಕೊಳವೆಯ ತೆರೆದ ತುದಿಗಳಿಗೆ ರಬ್ಬರಿನ ಟೋಪಿ ತೊಡಿಸದಿದ್ದರೆ ಒಂದು ಸಲ ಉಜ್ಜಿದರೂ ಗೀರು ಬೀಳುವುದು.

ಮರವೋ ಉಕ್ಕೋ ಎಂಬ ಚರ್ಚೆಯೂ ಉಂಟು. ಸರ್ವೆಮರದ ಗಳ, ಬಿದಿರು, ತೆಂಗಿನ ನಾರಿನ ಹುರಿಗಳಿಂದ ಸಾರುವೆ ಕಟ್ಟುವ ನಮ್ಮ ಕೆಲಸಗಾರರ ಕೈಚಳಕ ಸಾಮಾನ್ಯವಾದುದಲ್ಲ. ಬಿದಿರು ಹಗುರ, ಲಾರಿ ಹೋಗದ ಬೆಟ್ಟಕ್ಕೆ ಹೆಗಲ ಮೇಲೆ ಹೊತ್ತೊಯ್ಯಬಹುದು, ಏರುತಗ್ಗಿನ ಬಂಡೆಗೆ ತಕ್ಕಂತೆ ಕತ್ತರಿಸಿ ನಿಲ್ಲಿಸಬಹುದು, ಕಲ್ಲಿಗೆ ತಾಗಿದರೂ ಗಾಯ ಕಡಿಮೆ. ಆದರೆ ಒಂದು ಗಳ ಇನ್ನೊಂದರಂತೆ ಇರುವುದಿಲ್ಲ. ಹುರಿ ಬಿಸಿಲಿಗೆ ಸಡಿಲಿ ಮಳೆಗೆ ಕೊಳೆಯುತ್ತದೆ. ಎಷ್ಟು ಭಾರ ತಾಳೀತೆಂದು ಲೆಕ್ಕ ಹಾಕುವುದು ಕಷ್ಟ. ಉಕ್ಕಿನ ಕೊಳವೆಯ ಬಲವನ್ನು ಮುಂಚಿತವಾಗಿ ಗಣಿಸಬಹುದು, ತಿರುಪಿನ ಪಾದಗಳಿಂದ ಬಂಡೆಯ ಇಳಿಜಾರಿಗೆ ಹೊಂದಿಸಬಹುದು. ಆದರೆ ಅದು ಭಾರ, ಬಿಸಿಲಿಗೆ ಹಿಗ್ಗುತ್ತದೆ, ತುಕ್ಕಿನ ಕಲೆ ಬಿಡುತ್ತದೆ. ಎರಡಕ್ಕೂ ಸ್ಥಾನವುಂಟು. ಯಾವುದು ಎಲ್ಲಿಗೆ ಎಂಬುದನ್ನು ಸ್ಥಳವನ್ನು ನೋಡಿ ಗೊತ್ತುಮಾಡಬೇಕೇ ಹೊರತು ಯಾವುದು ಅಗ್ಗವೆಂದು ನೋಡಿ ಅಲ್ಲ.

ಸಾರುವೆಯೇ ಕಟ್ಟಡಕ್ಕೆ ಅಪಾಯವಾದ ಪ್ರಸಂಗವನ್ನು ಇಡೀ ಜಗತ್ತು ಪ್ಯಾರಿಸಿನಲ್ಲಿ ಕಂಡಿತು. 2019ರ ಏಪ್ರಿಲ್ 15ರಂದು ನೋತ್ರ್ ದಾಮ್ ಇಗರ್ಜಿಗೆ ಬೆಂಕಿ ಬಿದ್ದಾಗ ಅದರ ಶಿಖರದ ದುರಸ್ತಿಗಾಗಿ ಉಕ್ಕಿನ ಸಾರುವೆ ಕಟ್ಟಿತ್ತು. ಬೆಂಕಿಗೆ ಸಾರುವೆಯೇ ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ಬೆಂಕಿ ಆರಿದ ಮೇಲೆ ಸುಮಾರು 40,000 ತುಂಡುಗಳ, 200 ಟನ್ ತೂಕದ ಆ ಸಾರುವೆ ಕಾವಿಗೆ ಬಾಗಿ ಒಂದಕ್ಕೊಂದು ಬೆಸೆದುಕೊಂಡು, ಉಳಿದಿದ್ದ ಕಮಾನುಗಳ ಮೇಲೆ ತೂಗುವ ಗಂಡಾಂತರವಾಯಿತು. ಹಗ್ಗದಿಂದ ಇಳಿದ ಕೆಲಸಗಾರರು ಅದನ್ನು ತುಂಡುತುಂಡಾಗಿ ಕತ್ತರಿಸಿ ತೆಗೆಯಲು 2020ರ ಜೂನಿನಿಂದ ನವೆಂಬರಿನವರೆಗೆ ಶ್ರಮಿಸಬೇಕಾಯಿತು. ದೀಪ, ಕರ್ಪೂರ, ಧೂಪಗಳು ನಿತ್ಯವೂ ಉರಿಯುವ ನಮ್ಮ ದೇವಾಲಯಗಳಲ್ಲಿ ಒಣಬಿದಿರಿನ ಸಾರುವೆ ಕಟ್ಟುವವರು ಇದರಿಂದ ಪಾಠ ಕಲಿಯಬೇಡವೆ?

ಇನ್ನು ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಹಾರುವ ಡ್ರೋನುಗಳೂ ಲೇಸರ್ ಅಳತೆಯ ಯಂತ್ರಗಳೂ ಬಂದಿರುವಾಗ ಸಾರುವೆ ಏಕೆಂದು ಕೆಲವರು ಕೇಳುತ್ತಾರೆ. ಈ ಸಾಧನಗಳು ಅಮೂಲ್ಯವಾದುವು. ಸಾರುವೆಯನ್ನು ಎಲ್ಲಿ ಕಟ್ಟಬೇಕು, ಎಲ್ಲಿ ಬೇಡ ಎಂಬುದನ್ನು ಅವು ಮೊದಲೇ ತಿಳಿಸಿ ಖರ್ಚನ್ನು ಉಳಿಸಬಲ್ಲವು. ಆದರೆ ಅವು ನೋಡುತ್ತವೆ, ಮುಟ್ಟಲಾರವು. ಗಾರೆಯ ಒಳಗೆ ಪೊಳ್ಳಿದೆಯೇ ಎಂಬುದನ್ನು ಅನುಭವಿಯಾದ ಕೆಲಸಗಾರನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಸದ್ದಿನಿಂದ ತಿಳಿಯುತ್ತಾನೆ. ಬಿರುಕು ಹಳೆಯದೋ ಹೊಸದೋ ಎಂಬುದು ಅದರೊಳಗಿನ ಧೂಳನ್ನೂ ಹಾವಸೆಯನ್ನೂ ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಕಡೆಗೆ ಕಲ್ಲನ್ನು ಕೂರಿಸಬೇಕಾದುದು ಕೈ.

ಎರಡನೆಯ ಆಕ್ಷೇಪ ಖರ್ಚಿನದು. ಒಳ್ಳೆಯ ಸಾರುವೆಗೆ ಹಣ ಹೆಚ್ಚು ಬೇಕೆಂಬುದು ನಿಜ. ಆದರೆ ಕೆಟ್ಟ ಸಾರುವೆ ಅಗ್ಗವೆಂಬುದು ಭ್ರಮೆ. ಹಲಗೆ ಅಲುಗುತ್ತಿದ್ದರೆ ಕೆಲಸಗಾರನ ಗಮನದಲ್ಲಿ ಅರ್ಧ ಪಾಲು ತನ್ನ ಪ್ರಾಣದ ಕಡೆಗಿರುತ್ತದೆ; ಉಳಿದ ಅರ್ಧದಲ್ಲಿ ಆತನು ಮಾಡಿದ ಕೆಲಸ ಮೂರು ಮಳೆಗಾಲ ಬಾಳದು. ಈ ಪ್ರಾಣದ ಮಾತನ್ನು ನಾವು ಕಡೆಗಿಟ್ಟುಕೊಂಡುದು ಅದು ಚಿಕ್ಕದೆಂದಲ್ಲ. ಸಾರುವೆ ಮತ್ತು ಏಣಿಗಳ ಸುರಕ್ಷತೆಗೆ ಭಾರತೀಯ ಮಾನಕ ಸಂಸ್ಥೆ 1966ರಲ್ಲಿಯೇ ಸಂಹಿತೆಯನ್ನು ಪ್ರಕಟಿಸಿದೆ. ಕಟ್ಟಡ ಕಾರ್ಮಿಕರ ಹಿತಕ್ಕಾಗಿ 1996ರಲ್ಲಿ ಕೇಂದ್ರದ ಕಾಯಿದೆ ಬಂದಿದೆ. ಸ್ಮಾರಕಗಳ ರಕ್ಷಣೆಗೆ 1958ರ ಕೇಂದ್ರ ಕಾಯಿದೆಯೂ 1961ರ ರಾಜ್ಯದ ಕಾಯಿದೆಯೂ ಇವೆ. ಕಲ್ಲಿಗೊಂದು ಕಾಯಿದೆ, ಕೆಲಸಗಾರನಿಗೊಂದು ಕಾಯಿದೆ. ಇವೆರಡೂ ಒಂದನ್ನೊಂದು ಸಂಧಿಸುವ ಸ್ಥಳವೇ ಸಾರುವೆ. ಕಲ್ಲನ್ನು ಉಳಿಸುವ ಭರದಲ್ಲಿ ಮನುಷ್ಯನನ್ನು ಕಳೆದುಕೊಂಡರೆ ಅದನ್ನು ಸಂರಕ್ಷಣೆ ಎನ್ನಲಾಗದು.

ಹಾಗಾದರೆ ಮಾಡಬೇಕಾದುದೇನು? ನಮ್ಮ ಸೂಚನೆಗಳು ಸರಳವಾಗಿವೆ. ಮೊದಲನೆಯದಾಗಿ, ಜೀರ್ಣೋದ್ಧಾರದ ಅಂದಾಜುಪಟ್ಟಿಯಲ್ಲಿ ಸಾರುವೆಗೆ ಪ್ರತ್ಯೇಕವಾದ ಬಾಬು ಇರಲಿ. ಅದರ ನಕ್ಷೆಯನ್ನೂ ಭಾರದ ಲೆಕ್ಕವನ್ನೂ ಜವಾಬ್ದಾರಿಯುಳ್ಳ ಇಂಜಿನಿಯರು ಸಹಿ ಮಾಡಿ ಕೊಡಲಿ. ಎರಡನೆಯದಾಗಿ, ಕಟ್ಟಡವನ್ನು ಕೊರೆಯುವಂತಿಲ್ಲ, ಬೆಣೆ ಬಡಿಯುವಂತಿಲ್ಲ ಎಂಬ ನಿಯಮ ಗುತ್ತಿಗೆಯ ಷರತ್ತಿನಲ್ಲಿಯೇ ಇರಲಿ. ಮೂರನೆಯದಾಗಿ, ವಾರಕ್ಕೊಮ್ಮೆ ಮತ್ತು ಪ್ರತಿ ಬಿರುಗಾಳಿ ಮಳೆಯ ತರುವಾಯ ಕಟ್ಟುಗಳನ್ನೆಲ್ಲ ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡಲಿ. ನಾಲ್ಕನೆಯದಾಗಿ, ದೇವಾಲಯಗಳಲ್ಲಿ ಜಾತ್ರೆ ಉತ್ಸವಗಳ ದಿನಗಳನ್ನು ಅರ್ಚಕರಿಂದಲೂ ಊರ ಹಿರಿಯರಿಂದಲೂ ಮೊದಲೇ ತಿಳಿದು, ಸಾರುವೆಯ ಕಾಲವನ್ನು ಗೊತ್ತುಮಾಡಲಿ. ಅವಸರದಲ್ಲಿ ಬಿಚ್ಚುವುದು ಕಟ್ಟುವುದಕ್ಕಿಂತ ಅಪಾಯಕರ.

ಐದನೆಯದನ್ನು ನಾವು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇವೆ. ಸಾರುವೆ ನಿಂತ ಮೇಲೆ ಮೊದಲ ಕೆಲವು ದಿನ ಸುತ್ತಿಗೆಯ ಸದ್ದು ಬೇಡ. ಆ ದಿನಗಳು ಅಳೆಯುವವರಿಗೆ, ಚಿತ್ರ ಬರೆಯುವವರಿಗೆ, ಛಾಯಾಚಿತ್ರ ತೆಗೆಯುವವರಿಗೆ, ಶಾಸನ ಓದುವವರಿಗೆ ಮೀಸಲಾಗಿರಲಿ. ಒಂದು ಶಿಖರಕ್ಕೋ ಛತ್ತಿಗೋ ಮನುಷ್ಯನ ಕಣ್ಣು ಒಂದು ಮೊಳ ದೂರದಿಂದ ತಲುಪುವ ಅವಕಾಶ ಒಂದು ತಲೆಮಾರಿಗೆ ಒಮ್ಮೆ ಬಂದರೆ ಹೆಚ್ಚು. ದುರಸ್ತಿಯೆಂಬುದು ಹಳೆಯದರ ಸ್ವಲ್ಪ ಭಾಗವನ್ನಾದರೂ ಅಳಿಸದಿರದು. ಅಳಿಯುವ ಮುನ್ನ ಅದನ್ನು ದಾಖಲಿಸಬೇಕು. ಆ ದಾಖಲೆಗಳ ಒಂದು ಪ್ರತಿಯನ್ನು ಚಿತ್ರದುರ್ಗದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿಟ್ಟರೆ ಮುಂದಿನವರು ಏರದೆಯೇ ನೋಡಬಹುದು. ಸುರಕ್ಷತೆಗೆ ಒಪ್ಪುವಂತೆ ಒಂದೆರಡು ದಿನ ಉಪಾಧ್ಯಾಯರನ್ನೂ ವಿದ್ಯಾರ್ಥಿಗಳನ್ನೂ ಸಣ್ಣ ಗುಂಪುಗಳಲ್ಲಿ ಮೇಲಕ್ಕೆ ಕರೆದೊಯ್ಯಬಹುದು. ಭೌತವಿಜ್ಞಾನದ ಸೆಳೆತ ಒತ್ತಡಗಳ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಶಾಲೆಯುಂಟೆ?

ಬಂಡೆಯಲ್ಲಿ ಪಾದಗುಳಿ ಕೊರೆದ ಹಿಂದಿನವರು ಏರುವವನ ಕಾಲನ್ನೂ ಬಂಡೆಯ ಗುಣವನ್ನೂ ಒಟ್ಟಿಗೆ ಯೋಚಿಸಿದ್ದರು. ಗುಳಿ ಒಂದಿಷ್ಟು ಆಳವಾದರೆ ಶತ್ರುವಿಗೂ ಸುಲಭ, ಒಂದಿಷ್ಟು ಕಡಿಮೆಯಾದರೆ ತಮ್ಮವನಿಗೇ ಕಷ್ಟ. ನಾವು ಕಟ್ಟುವ ಸಾರುವೆ ನಾಲ್ಕಾರು ತಿಂಗಳು ನಿಂತು ಮಾಯವಾಗತಕ್ಕದ್ದು. ಅದು ಹೋದ ಮೇಲೆ ಕಟ್ಟಡದ ಮೈಮೇಲೆ ಅದರ ಒಂದು ಗುರುತೂ ಉಳಿಯಬಾರದು. ನಮ್ಮ ತಿಳಿವಳಿಕೆಯಲ್ಲಿ ಮಾತ್ರ ಅದರ ಗುರುತು ಉಳಿಯಬೇಕು. ಮುಂದಿನ ಸಲ ‘ಸಾರುವೆ ಸಹಿತ’ ಎಂದು ಬರೆಯಲು ಲೇಖನಿ ಎತ್ತುವ ಅಧಿಕಾರಿಗಳು ಒಂದು ಕ್ಷಣ ನಿಂತು ಇದನ್ನು ನೆನೆದರೆ ನಮ್ಮ ಶ್ರಮ ಸಾರ್ಥಕ.